ಡೋನರ್‌ಗೂ ಬಂತು ಸ್ಕೇಲು

ಇಸ್ತಾಂಬುಲ್‌ನಲ್ಲಿ ಡೋನರ್ ದುರುಮ್ ಕೇಳಿದರೆ, ನೆಟ್ಟಗೆ ನಿಲ್ಲಿಸಿದ ಕಂಬಿಯಲ್ಲಿ ತಿರುಗುತ್ತಾ ಬೇಯುವ ಮಾಂಸವನ್ನು ಹೆರೆದು, ತೆಳ್ಳನೆಯ ರೊಟ್ಟಿಯಲ್ಲಿ ಸುತ್ತಿ ಕೈಗಿಡುತ್ತಾರೆ. ತುರ್ಕಿಯವರಿಗೆ ಡೋನರ್ ಅಂದ್ರೆ ತಿರುಗುವಂಥದ್ದು, ದುರುಮ್ ಅಂದ್ರೆ ಸುರುಳಿ. ನಾವು ತಿನ್ನುವ ಶವರ್ಮಾ ಕೂಡ 'ತಿರುಗಿಸು' ಎಂಬ ತುರ್ಕಿ ಮಾತಿನಿಂದಲೇ ಹುಟ್ಟಿದ್ದು. ಗ್ರೀಕರ ಇಂಥದ್ದೇ ತಿಂಡಿ ಗೀರೋಸ್‌ನ ಹೆಸರಲ್ಲೂ ಅದೇ ತಿರುಗಾಟ. ಇಷ್ಟೆಲ್ಲ ತಿರುಗಿದರೂ ಯಾರ ತಲೆಯೂ ತಿರುಗಿರಲಿಲ್ಲ. 2022ರಲ್ಲಿ ತಿರುಗಿತು.

ಆ ವರ್ಷ ತುರ್ಕಿಯ ಡೋನರ್ ಒಕ್ಕೂಟ ಯುರೋಪಿಯನ್ ಯೂನಿಯನ್‌ಗೆ ಅರ್ಜಿ ಹಾಕಿತು. ನಾವು ಹೇಳಿದಂತೆ ಮಾಡಿದರೆ ಮಾತ್ರ ಯೂನಿಯನ್‌ನ ದೇಶಗಳಲ್ಲಿ ಅದಕ್ಕೆ ಡೋನರ್ ಅನ್ನಬೇಕು ಅಂತ. ದನಕ್ಕೆ ಕನಿಷ್ಠ 16 ತಿಂಗಳಾಗಿರಬೇಕು. ಹೆರೆದ ಚೂರು 3ರಿಂದ 5 ಮಿಲಿಮೀಟರ್ ದಪ್ಪ ಇರಬೇಕು. ಚಾಕು 55 ಸೆಂಟಿಮೀಟರ್. ಚಾಕು ಸವೆದು 54ಕ್ಕೆ ಇಳಿದರೆ? ಆವತ್ತು ಅಂಗಡಿಗೆ ಸೂತಕ ಅಂತ ಕಾಣುತ್ತೆ. ಸ್ವಲ್ಪ ಯೋಚಿಸಿ. ನಡುರಾತ್ರಿ ಬರ್ಲಿನ್‌ನಲ್ಲಿ ಒಬ್ಬ ಹಸಿದ ಹುಡುಗ ಮೊಣಕೈವರೆಗೆ ಸಾಸ್ ಇಳಿಸಿಕೊಂಡು ತಿನ್ನುತ್ತಿದ್ದಾನೆ. ಪಕ್ಕದಲ್ಲಿ ಸ್ಕೇಲ್ ಹಿಡಿದ ಅಧಿಕಾರಿ, "ಸ್ವಲ್ಪ ಬಾಯಿ ತೆಗೀರಿ, ಆ ಚೂರು ಅಳೀಬೇಕು" ಅನ್ನುತ್ತಿದ್ದಾನೆ.

ಜರ್ಮನಿ ಸುಮ್ನೆ ಇರುತ್ತದೆಯೇ? 1961ರಲ್ಲಿ ತುರ್ಕಿ ಜೊತೆ ಮಾಡಿಕೊಂಡ ಒಪ್ಪಂದದ ನಂತರ ಕೂಲಿಗೆ ಬಂದ ತುರ್ಕರು ಅಲ್ಲಿ ಬೆಳೆಸಿದ ತಿಂಡಿ ಅದು. ಆಗಿನ ಕೃಷಿ ಸಚಿವ ಚೆಮ್ ಓಜ್ದೆಮಿರ್ ಕೂಡ ತುರ್ಕಿ ಮೂಲದವರೇ. ಡೋನರ್ ಜರ್ಮನಿಯದು, ತುರ್ಕಿಯ ರಾಜಧಾನಿ ಅಂಕಾರಾದ ಅಪ್ಪಣೆ ನಮಗೆ ಬೇಡ ಎಂದರು. ಅಪ್ಪಣೆ ಬೇಡ, ಸರಿ. ಆದರೆ ಡೋನರ್‌ನಲ್ಲಿ ಕೊಚ್ಚಿದ ಮಾಂಸ ಶೇ. 60 ದಾಟಬಾರದು ಎಂದು ಬರೆದಿಟ್ಟುಕೊಂಡಿರುವುದೂ ಇದೇ ಜರ್ಮನಿ! ಸ್ಕೇಲು ಬೇಡ ಅಂತಲ್ಲ, ಅವರ ಸ್ಕೇಲು ಬೇಡ, ಅಷ್ಟೇ.

2024ರ ಏಪ್ರಿಲ್‌ನಲ್ಲಂತೂ ಜರ್ಮನಿಯ ಅಧ್ಯಕ್ಷ ಸ್ಟೈನ್‌ಮೈಯರ್ ಬರ್ಲಿನ್‌ನಿಂದ 60 ಕಿಲೋ ಡೋನರ್ ವಿಮಾನಕ್ಕೇರಿಸಿ ಇಸ್ತಾಂಬುಲ್‌ಗೇ ಒಯ್ದರು. ಜೊತೆಗೆ ಕಬಾಬ್ ಅಂಗಡಿಯ ಮಾಲೀಕರನ್ನೂ. ಅಜ್ಜಿಗೆ ಕೆಮ್ಮು ಕಲಿಸಲು ಹೋದ ಹಾಗೆ.

ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ತುರ್ಕಿಯವರು ಅರ್ಜಿ ವಾಪಸ್ ಪಡೆದರು. ಮೂರು ವರ್ಷ ಫೈಲುಗಳು ತಿರುಗಿದ್ದೇ ಬಂತು.

ಈ ನಡುವೆ ಜರ್ಮನಿಯ ಎಡಪಕ್ಷ, ಡೋನರ್ ಬೆಲೆ 4.90 ಯೂರೋ ದಾಟದ ಹಾಗೆ ನೋಡಿಕೊಳ್ಳಿ ಎಂದು ಕೇಳಿತ್ತು. ತಿನ್ನುವವರ ಚಿಂತೆಯೂ ಅದೇ ಆಗಿತ್ತು, ಅಲ್ವಾ? ಆದರೆ ಅದಕ್ಕೆ ಮಾತ್ರ ಯಾವ ಸ್ಕೇಲೂ ಸಿಗಲಿಲ್ಲ.