ಬಾರದೆಯೋ, ಬೇಕೆಂದೋ

ಅತಿಥಿಗಳು ಮನೆಯಲ್ಲಿರುವಾಗ ಎರಡು ರೆಕಾರ್ಡುಗಳನ್ನು ಹಾಕಕೂಡದೆಂದು ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಒಂದು ಕರಾರಿದೆ. ನಾದಿನಿಯ ಮದುವೆಯ ಮಾತುಕತೆಗೆಂದು ಗಂಡಿನ ಕಡೆಯವರು ಬಂದ ದಿನ, ಉಪ್ಪಿಟ್ಟು ಕೇಸರಿಭಾತಿನ ತಟ್ಟೆಗಳು ಕೈಗೆ ಬರುವ ಹೊತ್ತಿಗೆ, ಯಾರೂ ಮಾತಾಡದೆ ಕುಳಿತಿದ್ದಾರಲ್ಲ ಎಂಬ ಕಳವಳದಿಂದಲೇ ನಾನು ಅವುಗಳಲ್ಲೊಂದನ್ನು ಹಾಕಿದ್ದೆ. ಎರಡು ನಿಮಿಷ ಸಹಿಸಿಕೊಂಡ ಹುಡುಗನ ತಂದೆ, ಬಹಳ ಸೌಜನ್ಯದಿಂದ, "ಮಿಷನ್ನು ಕೆಟ್ಟಿದೆಯೇನೋ, ಒಂದು ಸಲ ಆರಿಸಿ ನೋಡಿ" ಎಂದರು. ಮಿಷನ್ನು ಕೆಟ್ಟಿರಲಿಲ್ಲ. ಹಾಗೆಂದು ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅದನ್ನು ಆರಿಸಿ, ಸ್ವಿಚ್ಚಿಗೆ ಅಡ್ಡವಾಗಿ ನಿಂತುಬಿಟ್ಟಿದ್ದಳು. ಮದುವೆ ನಡೆಯಿತು, ಕರಾರು ಉಳಿಯಿತು.

ಎರಡೂ 1969ರ ರೆಕಾರ್ಡುಗಳು, ಎರಡೂ ಅಮೆರಿಕದವು. ಒಂದು, ಲಾಸ್ ಏಂಜಲಿಸ್ ನಗರದ ಅಂಚಿನ ಒಂದು ಮನೆಯಲ್ಲಿ ರೂಪುಗೊಂಡ 'ಟ್ರೌಟ್ ಮಾಸ್ಕ್ ರೆಪ್ಲಿಕಾ'. ಇನ್ನೊಂದು, ದೇಶದ ಆ ತುದಿಯಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫ್ರೀಮಾಂಟ್ ಎಂಬ ಸಣ್ಣ ಊರಿನ ಮೂವರು ಅಕ್ಕತಂಗಿಯರು ಹಾಡಿ ನುಡಿಸಿದ 'ಫಿಲಾಸಫಿ ಆಫ್ ದ ವರ್ಲ್ಡ್'. ಮೊದಲ ಸಲ ಕೇಳುವವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಬಗೆಯ ಗಲಾಟೆ: ಡ್ರಮ್ಸಿನವರು ಒಂದು ಹಾಡಿನಲ್ಲಿದ್ದಾರೆ, ಗಿಟಾರಿನವರು ಇನ್ನೊಂದರಲ್ಲಿದ್ದಾರೆ, ಹಾಡುವವರು ಇವೆರಡೂ ಅಲ್ಲದ ಮೂರನೆಯದನ್ನು ಹುಡುಕಿಕೊಂಡು ಹೊರಟಿದ್ದಾರೆ. ರಾಕ್ ಸಂಗೀತದ ಹೆದ್ದಾರಿಯನ್ನು ಬಿಟ್ಟು ಕಾಲುದಾರಿ ಹಿಡಿದವರನ್ನೇ ಹುಡುಕಿ ಕೇಳುವ ನನ್ನಂಥವರನ್ನು ಈ ಎರಡು ರೆಕಾರ್ಡುಗಳು ಬೇರೆ ಯಾವುದಕ್ಕಿಂತಲೂ ಹೆಚ್ಚಾಗಿ ಕಾಡುತ್ತವೆ. ಕಾಡುವ ಪ್ರಶ್ನೆ ಒಂದೇ. ಇವರು ಹೀಗೆ ನುಡಿಸುವುದು ಬಾರದೆಯೋ, ಬೇಕೆಂದೋ?

ಮೊದಲನೆಯದರ ನಾಯಕ ಕ್ಯಾಪ್ಟನ್ ಬೀಫ್‌ಹಾರ್ಟ್. ಹುಟ್ಟಿದಾಗ ಇಟ್ಟ ಹೆಸರು ಡಾನ್ ವ್ಲೀಟ್; ನಡುವಿನ 'ವ್ಯಾನ್' ಅವನೇ ಸೇರಿಸಿಕೊಂಡದ್ದು. ಮೊಹಾವಿ ಮರುಭೂಮಿಯ ಅಂಚಿನ ಲ್ಯಾಂಕಾಸ್ಟರ್ ಊರಿನ ಹೈಸ್ಕೂಲಿನಲ್ಲಿ ಅವನ ಜೊತೆಗಾರನಾಗಿದ್ದವನು, ಮುಂದೆ ರಾಕ್ ಸಂಗೀತಗಾರನಾಗಿ ಹೆಸರಾದ ಫ್ರಾಂಕ್ ಝಾಪಾ. 1963ರಲ್ಲಿ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಸೈಕಲ್ ಚಕ್ರದ ಕಡ್ಡಿಗಳನ್ನು ಮೀಟಿ, ಹ್ಯಾಂಡಲನ್ನು ಊದಿ, ಅದೂ ಒಂದು ವಾದ್ಯವೆಂದು ಗಂಭೀರ ಮುಖದಿಂದ ತೋರಿಸಿಕೊಟ್ಟ ಆಸಾಮಿ ಈ ಝಾಪಾ. ಮುಂದೆ ಗೆಳೆಯನ ರೆಕಾರ್ಡಿಗೆ ನಿರ್ಮಾಪಕನಾದವನೂ ಅವನೇ.

ಬೀಫ್‌ಹಾರ್ಟ್‌ನಿಗೆ ಪಿಯಾನೊ ಬರುತ್ತಿರಲಿಲ್ಲ. ಬಾರದ ಆ ವಾದ್ಯದ ಮುಂದೆ ಕುಳಿತು, ತೋಚಿದಂತೆ ಬೆರಳಾಡಿಸಿ, ತುಣುಕು ತುಣುಕಾಗಿ ನುಡಿಸುತ್ತಿದ್ದ. ಡ್ರಮ್ಸ್ ನುಡಿಸುವ ಜಾನ್ ಫ್ರೆಂಚ್ ಎಂಬ ಹುಡುಗ ಪಕ್ಕದಲ್ಲಿದ್ದು ಅವನ್ನು ಸ್ವರಲಿಪಿಗೆ ಇಳಿಸಿ, ಯಾವ ತುಣುಕು ಯಾವ ಗಿಟಾರಿಗೆ, ಯಾವುದರ ಬೆನ್ನಿಗೆ ಯಾವುದು ಎಂದು ಜೋಡಿಸಿ, ಉಳಿದವರಿಗೆ ಕಲಿಸುತ್ತಿದ್ದ. ಪಿಯಾನೊ ಮೇಲೆ ಲೆಕ್ಕವಿಲ್ಲದೆ ಒತ್ತಿದ ಮನೆಗಳನ್ನು ಆರು ತಂತಿಗಳ ಗಿಟಾರಿನಲ್ಲಿ ಹಿಡಿಯುವುದೆಂದರೆ, ಚಿಕ್ಕ ಮಗುವೊಂದು ಗೋಡೆಯ ಮೇಲೆ ಗೀಚಿದ್ದನ್ನು ದೊಡ್ಡವರು ಅಳತೆಪಟ್ಟಿ ಹಿಡಿದು ನಕಲು ಮಾಡಿದಂತೆ. ಸುಮಾರು ಎಂಟು ತಿಂಗಳು ಆ ಮನೆಯಲ್ಲಿ ಹೀಗೆ ಅಭ್ಯಾಸ ನಡೆಯಿತು. ಕೊನೆಗೆ ಗ್ಲೆಂಡೇಲ್‌ನ ಸ್ಟುಡಿಯೋಗೆ ಹೋದಾಗ, ಸುಮಾರು ಇಪ್ಪತ್ತು ರಚನೆಗಳ ವಾದ್ಯಭಾಗವನ್ನು ಅವರು ಆರು ಗಂಟೆಯ ಆಸುಪಾಸಿನಲ್ಲಿ ನುಡಿಸಿ ಮುಗಿಸಿದರು, ಅಷ್ಟು ಕಂಠಪಾಠವಾಗಿತ್ತು. ಬಳಿಕ ಹಾಡಲು ನಿಂತ ನಾಯಕ ಕಿವಿಗೆ ಹೆಡ್‌ಫೋನು ಹಾಕಿಕೊಳ್ಳಲು ಒಪ್ಪಲಿಲ್ಲ. ಗಾಜಿನ ಕಿಟಕಿಯಿಂದ ಸೋರಿ ಬಂದಷ್ಟು ಸದ್ದನ್ನು ನಂಬಿಕೊಂಡು ಹಾಡಿದ್ದರಿಂದ, ಅವನ ದನಿ ತಾಳದ ಮುಂದೆ ಒಮ್ಮೆ, ಹಿಂದೆ ಒಮ್ಮೆ ಕಾಲಿಡುತ್ತದೆ. ವಾದ್ಯದವರದು ಎಂಟು ತಿಂಗಳ ಲೆಕ್ಕ, ಹಾಡುವವನದು ಬರೀ ಅಂದಾಜು.

ಆ ರೆಕಾರ್ಡಿನ ಹೊದಿಕೆಯ ಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಉದ್ದನೆಯ ಟೋಪಿ ಹಾಕಿದ ಬೀಫ್‌ಹಾರ್ಟ್ ಒಂದು ಮೀನಿನ ತಲೆಯನ್ನು ತನ್ನ ಮುಖಕ್ಕೆ ಅಡ್ಡ ಹಿಡಿದಿದ್ದಾನೆ. ಹೆಸರಿನಲ್ಲಿರುವುದು ಟ್ರೌಟ್, ಕೈಯಲ್ಲಿರುವುದು ಗೆಂಡೆ ಮೀನು. ಒಳಗೆ ವಾದ್ಯಗಾರರಿಗೆಲ್ಲ ಅವನೇ ನಾಮಕರಣ ಮಾಡಿದ್ದಾನೆ: ಝೂಟ್ ಹಾರ್ನ್ ರೋಲೋ, ರಾಕೆಟ್ ಮಾರ್ಟನ್, ಹೀಗೆ. ಎಲ್ಲವನ್ನೂ ಬರೆದು ಕಲಿಸಿದ ಜಾನ್ ಫ್ರೆಂಚನಿಗೆ ಡ್ರಂಬೋ ಎಂಬ ಹೆಸರೇನೋ ಇತ್ತು, ಆದರೆ ಮೊದಲು ಅಚ್ಚಾದ ಹೊದಿಕೆಯಲ್ಲಿ ಅವನ ಹೆಸರೇ ಇರಲಿಲ್ಲ. ಈ ಒಂದು ವಿಷಯ ನೆನಪಾದಾಗಲೆಲ್ಲ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

'ದ ಸಿಂಪ್ಸನ್ಸ್' ಕಾರ್ಟೂನಿನ ಕರ್ತೃ ಮ್ಯಾಟ್ ಗ್ರೇನಿಂಗ್ ಹದಿಹರೆಯದಲ್ಲಿ ಇದನ್ನು ಕೊಂಡು ತಂದು ಕೇಳಿ, ಇಷ್ಟು ಕೆಟ್ಟದ್ದನ್ನು ತಾನು ಕೇಳಿಯೇ ಇಲ್ಲವೆಂದುಕೊಂಡದ್ದನ್ನು ಹೇಳಿಕೊಂಡಿದ್ದಾನೆ. ಎರಡು ಮೂರು ಸಲ ಕೇಳಿದ ಮೇಲೆ, ಇದು ಬೇಕೆಂದೇ ಮಾಡಿದ್ದು ಎಂದು ಹೊಳೆಯಿತಂತೆ. ಆರೇಳನೆಯ ಸಲಕ್ಕೆ ಇದಕ್ಕಿಂತ ಶ್ರೇಷ್ಠವಾದದ್ದು ಇಲ್ಲವೆನಿಸಿತಂತೆ. ನನ್ನದು ಇನ್ನೂ ಮಂದ ಬುದ್ಧಿ. ನನಗೆ ಹನ್ನೊಂದು ಸಲ ಬೇಕಾಯಿತು. ಮೊದಲ ಹತ್ತು ಸಲ ಏಕೆ ಕೇಳಿದೆನೆಂದರೆ, ಕೊಟ್ಟ ದುಡ್ಡು ವ್ಯರ್ಥವಾಯಿತೆಂದು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ಅಭಿರುಚಿಯ ಬೆಳವಣಿಗೆಯಲ್ಲಿ ಜಿಪುಣತನಕ್ಕೂ ಪಾಲಿದೆಯೆಂಬುದನ್ನು ವಿಮರ್ಶಕರು ಗಮನಿಸಿದಂತಿಲ್ಲ.

ಇನ್ನು ಅಕ್ಕತಂಗಿಯರು. ಫ್ರೀಮಾಂಟಿನ ಆಸ್ಟಿನ್ ವಿಗಿನ್ ಎಂಬಾತನ ಕೈ ನೋಡಿ ಅವನ ತಾಯಿ ಮೂರು ಭವಿಷ್ಯ ಹೇಳಿದ್ದಳಂತೆ: ಕೆಂಗೂದಲಿನ ಹುಡುಗಿಯನ್ನು ಮದುವೆಯಾಗುತ್ತೀಯ, ನಾನು ಸತ್ತ ಮೇಲೆ ನಿನಗೆ ಇಬ್ಬರು ಗಂಡು ಮಕ್ಕಳಾಗುತ್ತಾರೆ, ನಿನ್ನ ಹೆಣ್ಣು ಮಕ್ಕಳು ಹಾಡಿ ಹೆಸರು ಮಾಡುತ್ತಾರೆ. ಮೊದಲೆರಡು ನಿಜವಾದವು. ಮೂರನೆಯದನ್ನು ವಿಧಿಯ ಕೈಗೆ ಬಿಡಲು ಧೈರ್ಯ ಸಾಲದೆ, ಆಸ್ಟಿನ್ ತನ್ನ ಮಕ್ಕಳನ್ನು ಶಾಲೆ ಬಿಡಿಸಿ, ಅಂಚೆಯಲ್ಲಿ ಬರುವ ಪಾಠಕ್ಕೆ ಸೇರಿಸಿ, ಗಿಟಾರು ಡ್ರಮ್ಸುಗಳನ್ನು ಕೊಡಿಸಿ, ಹಗಲೂ ರಾತ್ರಿ ಅಭ್ಯಾಸಕ್ಕೆ ಕೂರಿಸಿದ. ಡಾಟ್, ಬೆಟ್ಟಿ ಇಬ್ಬರೂ ಗಿಟಾರು ಹಿಡಿದು ಹಾಡುವವರು, ಹೆಲೆನ್ ಡ್ರಮ್ಸಿಗೆ. ತಂಡಕ್ಕೆ ಶ್ಯಾಗ್ಸ್ ಎಂದು ಹೆಸರಾಯಿತು. ಶನಿವಾರ ರಾತ್ರಿಗಳಲ್ಲಿ ಊರಿನ ಟೌನ್ ಹಾಲಿನಲ್ಲಿ ನುಡಿಸುತ್ತಿದ್ದರು. ಊರ ಹುಡುಗರು ಗೇಲಿ ಮಾಡುತ್ತಿದ್ದರು. 1969ರ ಮಾರ್ಚ್ 9ರಂದು ಅಪ್ಪ ಎಲ್ಲರನ್ನೂ ಮ್ಯಾಸಚೂಸೆಟ್ಸ್‌ನ ರಿವೀರ್ ಊರಿನ ಸ್ಟುಡಿಯೋಗೆ ಕರೆದೊಯ್ದು ರೆಕಾರ್ಡು ಮಾಡಿಸಿದ. ಅಚ್ಚಾದ 1000 ಪ್ರತಿಗಳಲ್ಲಿ 900 ಎಲ್ಲಿಗೋ ಮಾಯವಾದವೆಂದು ಹೇಳುತ್ತಾರೆ. ಉಳಿದ ನೂರರಲ್ಲಿ ಕೆಲವು ಸರಿಯಾದ ಹುಚ್ಚರ ಕೈಗೆ ಸಿಕ್ಕಿ, 1980ರಲ್ಲಿ ರೆಕಾರ್ಡು ಮತ್ತೆ ಅಚ್ಚಾಯಿತು. ಮುಂದೆ ನಿರ್ವಾಣ ತಂಡದ ಕರ್ಟ್ ಕೊಬೇನ್ ತನ್ನ ಮೆಚ್ಚಿನ ರೆಕಾರ್ಡುಗಳ ಪಟ್ಟಿಯಲ್ಲಿ ಇದನ್ನೂ ಬರೆದಿಟ್ಟುಕೊಂಡ.

ರಿವೀರ್ ಸ್ಟುಡಿಯೋದ ಆ ದಿನದ ಒಂದು ಸಂಗತಿಯನ್ನು ಅಭಿಮಾನಿಗಳು ಬಾಯಿಂದ ಬಾಯಿಗೆ ದಾಟಿಸುತ್ತ ಬಂದಿದ್ದೇವೆ. ಹುಡುಗಿಯರು ನಡುನಡುವೆ ನುಡಿಸುವುದನ್ನು ನಿಲ್ಲಿಸಿ, ಒಬ್ಬಳು ತಪ್ಪು ಮಾಡಿದಳು, ಮೊದಲಿನಿಂದ ಶುರುಮಾಡುತ್ತೇವೆ ಎನ್ನುತ್ತಿದ್ದರಂತೆ. ಗಾಜಿನ ಆಚೆ ಕುಳಿತ ಎಂಜಿನಿಯರುಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರಂತೆ: ತಪ್ಪಿದ್ದು ಯಾವುದು, ತಪ್ಪದೆ ಇದ್ದದ್ದು ಯಾವುದು?

ನನ್ನ ಹೆಂಡತಿಯ ಸೋದರಮಾವ ಭರತನಾಟ್ಯಕ್ಕೂ ಹರಿಕಥೆಗೂ ನಲವತ್ತು ವರ್ಷ ಮೃದಂಗ ನುಡಿಸಿದವರು. ಕರಾರಿನ ಪ್ರಕಾರ ಅವರು ಅತಿಥಿಗಳಲ್ಲ, ಮನೆಯವರು ಎಂದು ವಾದಿಸಿ, ಒಂದು ಮಧ್ಯಾಹ್ನ ಎರಡನ್ನೂ ಅವರಿಗೆ ಕೇಳಿಸಿದೆ. ಬೀಫ್‌ಹಾರ್ಟ್‌ನ ಮೊದಲ ಹಾಡಿಗೆ ತೊಡೆಯ ಮೇಲೆ ತಾಳ ಹಾಕಲು ಹೋಗಿ ಬಿಟ್ಟರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು, ನಿದ್ದೆ ಬಂತೆಂದುಕೊಂಡೆ. ನಾಲ್ಕನೆಯದು ಮುಗಿಯುವಾಗ ಬೆರಳು ಮಡಿಚಿ ಎಣಿಸುತ್ತಿದ್ದವರು ತಟ್ಟನೆ, "ಇದು ಬಾಯಿಪಾಠ ಮಾಡಿದ್ದು ಕಣಯ್ಯಾ" ಎಂದರು. "ಒಬ್ಬನದು ಒಂದು ಲೆಕ್ಕ, ಇನ್ನೊಬ್ಬನದು ಇನ್ನೊಂದು. ಆದರೆ ನಿಲ್ಲಬೇಕಾದ ಕಡೆ ಎಲ್ಲಾ ಒಟ್ಟಿಗೆ ನಿಂತರು ನೋಡು. ತಪ್ಪಿದೋರು ಒಟ್ಟಿಗೆ ನಿಲ್ಲಲ್ಲ."

ಆಮೇಲೆ ಶ್ಯಾಗ್ಸ್ ಹಾಕಿದೆ. ಈ ಸಲ ಅವರು ಎಣಿಸಲಿಲ್ಲ. ಡಾಟ್‌ಳ ಗಿಟಾರು ಹಾಡಿನ ಒಂದೊಂದು ಸ್ವರವನ್ನೂ ಬಿಡದೆ ಹಿಂಬಾಲಿಸುವುದನ್ನು, ಹಾಡುಗಾರರ ಹಿಂದೆ ಪಿಟೀಲಿನವರು ಹೋಗುವಂತೆ ಹೋಗುವುದನ್ನು, ಅವರೇ ನನಗೆ ತೋರಿಸಿಕೊಟ್ಟರು. ಅಷ್ಟು ವರ್ಷ ಕೇಳಿದ್ದರೂ ನಾನದನ್ನು ಗಮನಿಸಿರಲಿಲ್ಲ. "ಬಾರಿಸೋ ಹುಡುಗಿ ಮಾತ್ರ ಯಾರ ಮಾತನ್ನೂ ಕೇಳಿಸ್ಕೊಂಡಿಲ್ಲ" ಎಂದು ನಕ್ಕರು. ಹಾಗಾದರೆ ಇದು ತಪ್ಪೇ ಎಂದು ಕೇಳಿದೆ. ಅವರು ಕಾಫಿ ಮುಗಿಸಿ, ಲೋಟವನ್ನು ಕೆಳಗಿಟ್ಟು, ಬಹಳ ಹೊತ್ತಿನ ಮೇಲೆ, "ತಪ್ಪು ಮಾಡೋರ ಕೈಯಲ್ಲಿ ಒಂದು ಅಳುಕಿರುತ್ತಯ್ಯಾ. ಇವಳ ಕೈಯಲ್ಲಿ ಅಳುಕಿಲ್ಲ. ಏನು ಹೇಳೋದು?" ಎಂದರು. ನಲವತ್ತು ವರ್ಷದ ವಿದ್ವತ್ತು ಏನು ಹೇಳುವುದೆಂದು ಕೈಚೆಲ್ಲಿದ್ದು ನನಗೆ ಅಪಾರ ಸಂತೋಷ ಕೊಟ್ಟಿತು.

ಈ ಸಂತೋಷಕ್ಕೆ ಒಂದು ಮುಳ್ಳೂ ಇದೆ. ಎಂಟು ತಿಂಗಳ ಆ ಅಭ್ಯಾಸದ ಮನೆಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರು ಅರೆಹೊಟ್ಟೆಯಲ್ಲಿದ್ದರು. ಅಂಗಡಿಯಲ್ಲಿ ತಿನ್ನುವ ಪದಾರ್ಥ ಕದ್ದು ಸಿಕ್ಕಿಬಿದ್ದವರನ್ನು ಝಾಪಾ ಬಿಡಿಸಿ ತಂದದ್ದೂ ಉಂಟು. ನಾಯಕ ಗಂಟೆಗಟ್ಟಲೆ ಒಬ್ಬೊಬ್ಬನನ್ನು ನಡುವೆ ನಿಲ್ಲಿಸಿ ಹಂಗಿಸುತ್ತಿದ್ದನೆಂದು ಫ್ರೆಂಚ್ ಆಮೇಲೆ ವಿವರವಾಗಿ ಬರೆದಿದ್ದಾನೆ. ಇತ್ತ ಫ್ರೀಮಾಂಟಿನಲ್ಲಿ, ಗೆಳತಿಯರೊಂದಿಗೆ ಓಡಾಡಬೇಕಾದ ವಯಸ್ಸಿನ ಹುಡುಗಿಯರಿಗೆ ಅಪ್ಪನ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗುವಂತಿರಲಿಲ್ಲ. ಹೆಸರು ಮಾಡಬೇಕೆಂಬ ಹಂಬಲ ಅವರದಾಗಿರಲಿಲ್ಲ. ಅಜ್ಜಿಯ ಭವಿಷ್ಯವನ್ನು ಅವರು ದುಡಿದು ತೀರಿಸುತ್ತಿದ್ದರು. ಸ್ವಚ್ಛಂದವೆಂದು ನಾನು ತಲೆದೂಗುವ ಎರಡು ರೆಕಾರ್ಡುಗಳ ಹಿಂದೆಯೂ ಒಬ್ಬೊಬ್ಬ ಯಜಮಾನ ಬೆತ್ತ ಹಿಡಿದು ನಿಂತಿದ್ದಾನೆ. ಇದನ್ನು ತಿಳಿದ ಮೇಲೂ ನಾನು ಕೇಳುವುದನ್ನು ಬಿಟ್ಟಿಲ್ಲ. ಬಿಡಬೇಕಿತ್ತೇನೋ.

ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. 1975ರಲ್ಲಿ ಅಕ್ಕತಂಗಿಯರು ಮತ್ತೊಮ್ಮೆ ಸ್ಟುಡಿಯೋಗೆ ಹೋದರು. ಆ ವರ್ಷವೇ ಅಪ್ಪ ತೀರಿಕೊಂಡ, ತಂಡ ಅಲ್ಲಿಗೇ ನಿಂತಿತು. ಆಗ ನುಡಿಸಿದ್ದು 1982ರಲ್ಲಷ್ಟೇ ಹೊರಬಂತು. ಅದನ್ನು ತರಿಸಿಕೊಂಡು ಆಸೆಯಿಂದ ಹಾಕಿದೆ. ಹೆಲೆನಳ ಡ್ರಮ್ಸು ಹಾಡಿನ ಹತ್ತಿರಕ್ಕೆ ಬಂದಿತ್ತು, ಗಿಟಾರಿನ ತಂತಿಗಳು ಬಹುಮಟ್ಟಿಗೆ ಶ್ರುತಿಯಲ್ಲಿದ್ದವು. ಆರು ವರ್ಷ ಬೆವರು ಸುರಿಸಿ ಮೂವರು ಹುಡುಗಿಯರು ನುಡಿಸುವುದನ್ನು ಕಲಿತಿದ್ದರು, ಮತ್ತು ನನಗೆ ನಿರಾಸೆಯಾಗಿತ್ತು! ಪಕ್ಕದ ಮನೆಯ ಮಗು ತೊದಲುವುದನ್ನು ನಿಲ್ಲಿಸಿದ್ದಕ್ಕೆ ಮುಖ ಸಣ್ಣದು ಮಾಡಿಕೊಳ್ಳುವ ಮುದುಕನ ಹಾಗೆ ಕುಳಿತಿದ್ದೆ.

ಹೆಲೆನ್ 2006ರಲ್ಲಿ ತೀರಿಕೊಂಡಳು. 2017ರಲ್ಲಿ ಮ್ಯಾಸಚೂಸೆಟ್ಸ್‌ನ ಸಂಗೀತೋತ್ಸವವೊಂದರಲ್ಲಿ ಡಾಟ್ ಮತ್ತು ಬೆಟ್ಟಿ, ಇಬ್ಬರೂ ವಯಸ್ಸಾದವರು, ವೇದಿಕೆಯ ಮೇಲೆ ನಿಂತು ಆ ಹಳೆಯ ಹಾಡುಗಳನ್ನು ಹಾಡಿದರು. ಹಿಂದೆ ವಾದ್ಯ ನುಡಿಸಿದವರು ನುರಿತ ಕಲಾವಿದರು. ಅವರು 1969ರ ರೆಕಾರ್ಡನ್ನು ಮತ್ತೆ ಮತ್ತೆ ಕೇಳಿ, ಅದರ ಜಾರುವ ಲಯವನ್ನೂ ತಪ್ಪಿದ ಸ್ವರಗಳನ್ನೂ ಇದ್ದಲ್ಲಿ ಇದ್ದಂತೆಯೇ ಅಭ್ಯಾಸ ಮಾಡಿದ್ದರು. ಇದನ್ನು ಓದಿದ ದಿನ ನನಗೆ ಜಾನ್ ಫ್ರೆಂಚ್ ನೆನಪಾದ. ಅವನು ಬರೆದುಕೊಂಡದ್ದು ಪಿಯಾನೊ ಬಾರದವನೊಬ್ಬನ ಬೆರಳಾಟವನ್ನು. ಇವರು ಬರೆದುಕೊಂಡದ್ದು ಡ್ರಮ್ಸ್ ಬಾರದವಳೊಬ್ಬಳ ಕೈಚಳಕವನ್ನು. ಅಲ್ಲಿ ಎಂಟು ತಿಂಗಳಲ್ಲಿ ನಡೆದದ್ದು ಇಲ್ಲಿ ನಡೆಯಲು ನಲವತ್ತೆಂಟು ವರ್ಷ ಹಿಡಿಯಿತು, ಅಷ್ಟೇ. ಮಾವನಿಗೆ ಈಗ ಆ ಕಛೇರಿಯನ್ನು ಕೇಳಿಸಿದ್ದರೆ, "ಇದೂ ಬಾಯಿಪಾಠ ಕಣಯ್ಯಾ" ಎಂದೇ ಹೇಳುತ್ತಿದ್ದರು.

ಅಭಿಮಾನಿಗಳ ವಿಷಯದಲ್ಲೂ ಈ ಅನುಮಾನ ತಪ್ಪಿದ್ದಲ್ಲ. ಲಿಥುವೇನಿಯ ದೇಶ ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾದ ಕೆಲವೇ ವರ್ಷಗಳಲ್ಲಿ, 1995ರಲ್ಲಿ, ರಾಜಧಾನಿ ವಿಲ್ನಿಯಸ್‌ನ ಕೆಲವು ಅಭಿಮಾನಿಗಳು ಫ್ರಾಂಕ್ ಝಾಪಾನ ಪ್ರತಿಮೆಯೊಂದನ್ನು ಎತ್ತರದ ಕಂಬದ ಮೇಲೆ ನಿಲ್ಲಿಸಿದರು. ಝಾಪಾ ಆ ದೇಶಕ್ಕೆ ಕಾಲಿಟ್ಟವನೇ ಅಲ್ಲ. ಕೆತ್ತಿದವನು ಅದುವರೆಗೆ ಸೋವಿಯತ್ ನಾಯಕರ ಪ್ರತಿಮೆಗಳನ್ನು ಮಾಡುತ್ತಿದ್ದ ಹಿರಿಯ ಶಿಲ್ಪಿ. ನಟರ ಪ್ರತಿಮೆಗಳನ್ನು ವೃತ್ತ ವೃತ್ತಗಳಲ್ಲಿ ನೋಡಿ ಬೆಳೆದ ನಮಗೆ ಅಭಿಮಾನಿ ಸಂಘದ ಉತ್ಸಾಹ ಹೊಸದಲ್ಲ. ಆದರೆ ಇದು ತಮಾಷೆಗೋ, ನಿಜಕ್ಕೋ ಎಂದು ಬಗೆಹರಿಯುವುದಿಲ್ಲ. ಹೊಸ ಸರ್ಕಾರ ನಿಜವಾಗಿಯೂ ಎಷ್ಟು ಸಡಿಲ ಕೊಡುತ್ತದೆಂದು ನೋಡಲು ಹೂಡಿದ ಚೇಷ್ಟೆಯೆಂದೂ ಹೇಳಬಹುದು. ಚೇಷ್ಟೆ ಮಾತ್ರ ಗಟ್ಟಿ ಕಂಚಿನದು. 2010ರಲ್ಲಿ ಅದರದೇ ಒಂದು ಪ್ರತಿಯನ್ನು ಝಾಪಾ ಹುಟ್ಟಿದ ಬಾಲ್ಟಿಮೋರ್ ನಗರಕ್ಕೆ ಕೊಡುಗೆಯಾಗಿಯೂ ಕಳಿಸಿದರು.

ನಮ್ಮ ಮನೆಯಲ್ಲಿ ಪ್ರತಿಮೆಗೆ ಜಾಗವಿಲ್ಲ. ಶ್ಯಾಗ್ಸ್ ರೆಕಾರ್ಡಿನಲ್ಲಿ ಡಾಟ್ ತನ್ನ ಬೆಕ್ಕಿನ ಮೇಲೆ ಕಟ್ಟಿದ ಒಂದು ಹಾಡಿದೆ. ಅಲೆಯುವುದೇ ಕೆಲಸವಾಗಿದ್ದ ಆ ಬೆಕ್ಕಿನ ಹೆಸರು ಫುಟ್ ಫುಟ್. ಎರಡು ವರ್ಷದಿಂದ ನಮ್ಮ ಹಿತ್ತಿಲಿನ ಕಾಂಪೌಂಡು ಹಾರಿ ಬರುವ, ಹಾಲು ಕುಡಿದ ಮೇಲೆ ಪರಿಚಯವೇ ಇಲ್ಲದಂತೆ ಹೊರಟುಹೋಗುವ ಬೂದು ಬಣ್ಣದ ಬೆಕ್ಕೊಂದಕ್ಕೆ, ಕರಾರು ಜಾರಿಗೆ ತಂದ ನನ್ನ ಹೆಂಡತಿಯೇ ಆ ಹೆಸರಿಟ್ಟಿದ್ದಾಳೆ. ಸಂಜೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ಅದನ್ನು ಕರೆಯುವಾಗ ಹಾಡಿನ ಧಾಟಿಯಲ್ಲೇ ಕರೆಯುತ್ತಾಳೆ, ಎರಡನೆಯ 'ಫುಟ್' ಮೂಲದಲ್ಲಿರುವಂತೆಯೇ ಒಂದಿಷ್ಟು ಕೆಳಗೆ ಜಾರಿ, ಅರೆ ಅಕ್ಷರ ತಡವಾಗಿ ಬೀಳುತ್ತದೆ. ಅದು ಬಾರದೆಯೋ, ಬೇಕೆಂದೋ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.