ಕೋವಿಯ ಜೊತೆಗೊಂದು ತಕ್ಕಡಿ

ಮಲೆನಾಡಿನ ಅಡಿಕೆ ಬೆಳೆಗಾರನ ಮನೆಯಲ್ಲಿ, ದೇವರ ಕೋಣೆಯ ಪಕ್ಕದ ಮೂಲೆಗೆ ಒರಗಿ ನಿಂತಿರುವ ಒಂಟಿ ನಳಿಕೆಯ ಕೇಪಿನ ಕೋವಿಗೆ ಸರ್ಕಾರ ವಹಿಸಿರುವ ಕೆಲಸ ಒಂದೇ: ಬೆಳೆ ರಕ್ಷಣೆ. ಪರವಾನಗಿ ಪುಸ್ತಕದಲ್ಲಿ ಹಾಗೆಂದೇ ಬರೆದಿದೆ. ಆದರೆ ಬೆಳೆ ಹಾಳುಮಾಡುವ ಹಂದಿಗೆ ಅನುಮತಿಯಿಲ್ಲದೆ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎದುರು ಬಂದು ನಿಲ್ಲುತ್ತದೆ. ಅದರಲ್ಲಿ ಪ್ರಾಣ ಉಳಿಸಿಕೊಳ್ಳುವುದಕ್ಕೆ ವಿನಾಯಿತಿ ಇದೆಯೇ ಹೊರತು ಅಡಿಕೆ ಸಸಿ ಉಳಿಸಿಕೊಳ್ಳುವುದಕ್ಕಿಲ್ಲ. ಹೀಗಾಗಿ ನಮ್ಮೂರಿನ ಕೋವಿಗಳು ಮೂರು ತಲೆಮಾರಿನಿಂದ ಆಕಾಶಕ್ಕೇ ಈಡು ಹೊಡೆಯುತ್ತ ಬಂದಿವೆ. ಆಕಾಶವಂತೂ ಈವರೆಗೆ ಯಾರ ತೋಟಕ್ಕೂ ನುಗ್ಗಿಲ್ಲ.

ಇಂತಹ ಕೋವಿಗೆ ಕಳೆದ ಸುಗ್ಗಿಯಲ್ಲಿ ಬಡ್ತಿ ಸಿಕ್ಕಿತು. ಅಂಗಳದಲ್ಲಿ ಒಣಹಾಕಿದ ಅಡಿಕೆ ರಾತ್ರೋರಾತ್ರಿ ಮಾಯವಾಗತೊಡಗಿದಾಗ ಊರಿನವರು ಸಭೆ ಸೇರಿ ಗಸ್ತು ಸಮಿತಿಯೊಂದನ್ನು ರಚಿಸಿದರು. ಮೇಲಿನಮನೆ ಭಾವನವರು ಅದರ ಮುಖ್ಯಸ್ಥರಾದರು. ಮರುದಿನವೇ ಪೇಟೆಗೆ ಹೋಗಿ ಖಾಕಿ ಜರ್ಕಿನ್, ಸೀಟಿ ಮತ್ತು ಮೂರು ಸೆಲ್ಲಿನ ಬ್ಯಾಟರಿ ತಂದರು. ಖಾಕಿ ಬಟ್ಟೆಗೆ ಒಂದು ಗುಣವಿದೆ. ಅದನ್ನು ತೊಟ್ಟವನ ಬಾಯಿಂದ 'ಬನ್ನಿ, ಕೂತ್ಕೊಳ್ಳಿ' ಎಂಬ ಮಾತು ಹೊರಡುವುದು ನಿಂತು, 'ಯಾರೋ ಅದು, ಆಧಾರ್ ತೋರಿಸು' ಎಂಬುದು ತಾನಾಗಿ ಹೊರಡುತ್ತದೆ. ಮೊದಲ ವಾರ ಸಿಕ್ಕಿಬಿದ್ದವರು ಹಾಲಿನ ವ್ಯಾನಿನ ಚಾಲಕ ಮತ್ತು ಯಕ್ಷಗಾನದ ಆಟ ಮುಗಿಸಿ ಮನೆಗೆ ಹೊರಟಿದ್ದ ಚೆಂಡೆಯವರು. ಚೆಂಡೆಯ ಚೀಲವನ್ನು ಬಿಚ್ಚಿಸಿದ್ದಲ್ಲದೆ, ಒಳಗೆ ಅಡಿಕೆ ತುಂಬಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ರಾತ್ರಿ ಎರಡು ಗಂಟೆಗೆ ನಾಲ್ಕು ಪೆಟ್ಟು ಬಾರಿಸಿಯೂ ನೋಡಲಾಯಿತು.

ಸಮಿತಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇಲ್ಲದಿದ್ದರೆ ಎಲ್ಲವೂ ಸುಸೂತ್ರವಾಗಿಯೇ ನಡೆಯುತ್ತಿತ್ತು. 2024ರ ಜುಲೈ 1ರಂದು ಹೊಸ ಅಪರಾಧ ಕಾನೂನಿನ ಸಂಹಿತೆಗಳು ಜಾರಿಗೆ ಬಂದ ಮೇಲೆ ಅವುಗಳನ್ನು ಪೂರ್ತಿ ಓದಿದ ಏಕೈಕ ವ್ಯಕ್ತಿ ನಮ್ಮ ಸೀಮೆಯಲ್ಲಿ ಅವರೇ ಇರಬೇಕು. ವಂಚಿಸುವ ಉದ್ದೇಶದಿಂದ ಸರ್ಕಾರಿ ನೌಕರನ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 205ನೇ ಕಲಂ ಪ್ರಕಾರ ಅಪರಾಧವೆಂದು ಅವರು ತಿಳಿಸಿದಾಗ ಭಾವ, "ಇದು ಚಳಿಗೆ ಹಾಕ್ಕೊಂಡಿದ್ದು ಮೇಷ್ಟ್ರೇ" ಎಂದು ಕಾಲರನ್ನು ಇನ್ನಷ್ಟು ಮೇಲೆತ್ತಿಕೊಂಡರು. ಆತ್ಮರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಕಲಂಗಳಲ್ಲಿ ಹರಡಿಕೊಂಡಿದೆ, ಆಸ್ತಿಯ ರಕ್ಷಣೆಯೂ ಅದರಲ್ಲಿ ಸೇರಿದೆ, ಆದರೆ ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಇರುವುದಿಲ್ಲ, ಇದ್ದಾಗಲೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು ಅವರು ವಿವರಿಸಿದರು. ಕಳ್ಳ ಕತ್ತಿ ಎತ್ತಿದರೆ ಒಂದು ಲೆಕ್ಕ, ಚೀಲ ಎತ್ತಿದರೆ ಇನ್ನೊಂದು ಲೆಕ್ಕ. ಚೀಲ ಬಿಸಾಡಿ ಓಡುವವನ ಬೆನ್ನಿಗೆ ಹೊಡೆದರೆ ಲೆಕ್ಕ ಪೂರ್ತಿ ನಮ್ಮ ಮೇಲೆಯೇ. ಮದ್ದು ಸುರಿದು, ಗಜದಿಂದ ಜಡಿದು, ಚರೆ ತುಂಬಿ, ಕೇಪು ಕೂರಿಸುವ ಹೊತ್ತಿಗೆ ಕಳ್ಳ ಪಕ್ಕದ ಊರಿನ ಗಡಿ ದಾಟಿರುವುದರಿಂದ ಈ ಕಲಂಗಳು ನಮ್ಮೂರಿನಲ್ಲಿ ಇನ್ನೂ ಪರೀಕ್ಷೆಗೆ ಒಳಪಟ್ಟಿಲ್ಲ.

ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಪರವಾನಗಿಯಿಂದಲೇ ವಿನಾಯಿತಿ ಇದೆಯಲ್ಲ ಎಂದು ಭಾವ ಒಮ್ಮೆ ಅಸೂಯೆಪಟ್ಟರು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಇನ್‌ಸ್ಪೆಕ್ಟರ್ ಆಗುವುದಕ್ಕಲ್ಲ ಎಂದು ಮೇಷ್ಟ್ರು ತಿದ್ದಿದರು.

ಕೊನೆಗೊಂದು ರಾತ್ರಿ ನಿಜವಾದ ಕಳ್ಳನೇ, ಅದೂ ಚೀಲದ ಸಮೇತ, ಎಲ್ಲರ ಕಣ್ಣೆದುರೇ ಸಿಕ್ಕಿಬಿದ್ದ. ಅಡಿಕೆ ಕೊನೆ ಇಳಿಸುವ ಹಗ್ಗದಿಂದ ಅವನನ್ನು ಜಗಲಿಯ ಕಂಬಕ್ಕೆ ಕಟ್ಟಿದ ಮೇಲೆ ಮೇಷ್ಟ್ರು ಕನ್ನಡಕ ಏರಿಸಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ತೆರೆದರು. ಘೋಷಿತ ಅಪರಾಧಿಯನ್ನು, ಇಲ್ಲವೇ ಕಣ್ಣೆದುರಿನಲ್ಲಿ ಜಾಮೀನುರಹಿತವೂ ಸಂಜ್ಞೇಯವೂ (ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದದ್ದೂ) ಆದ ಅಪರಾಧ ಎಸಗಿದವನನ್ನು ಸಾಮಾನ್ಯ ನಾಗರಿಕನೂ ಬಂಧಿಸಬಹುದು; ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮನೆಯೊಳಗೆ ನುಗ್ಗಿ ಕದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. ಬಯಲು ಅಂಗಳದಿಂದ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ, ಜಾಮೀನೂ ಉಂಟು. ಕ್ವಿಂಟಲಿಗೆ 50,000 ರೂಪಾಯಿಯಂತೆ ಲೆಕ್ಕ ಹಿಡಿದರೆ ಹತ್ತು ಕಿಲೋ ಅಡಿಕೆ ಕದ್ದವನನ್ನು ನಾವು ಹಿಡಿಯಬಹುದು, ಒಂಬತ್ತು ಕಿಲೋದವನನ್ನು ಹಿಡಿಯುವಂತಿಲ್ಲ.

ತಕ್ಕಡಿ ಬಂತು. ಒಂಬತ್ತು ಕಿಲೋ ಇನ್ನೂರು ಗ್ರಾಂ.

ಭಾವ ಒಂದು ಕ್ಷಣ ಯೋಚಿಸಿ, ತಮ್ಮ ಅಂಗಳದಿಂದಲೇ ಒಂದು ಮೊರ ಅಡಿಕೆ ತಂದು ಚೀಲಕ್ಕೆ ಸುರಿಯಲು ಮುಂದಾದರು. ಕಟ್ಟಿಹಾಕಿಸಿಕೊಂಡವನು ಮೊದಲ ಬಾರಿಗೆ ಬಾಯಿ ಬಿಟ್ಟು, "ಅದು ನಾ ಕದ್ದದ್ದಲ್ಲ ಹೆಗಡೇರೇ, ಸುಳ್ಳು ಹೇಳ್ಬೇಡಿ" ಎಂದ. ಅಡಿಕೆ ಇನ್ನೂ ಪೂರ್ತಿ ಒಣಗಿಲ್ಲ, ಬಿಸಿಲು ಬಿದ್ದರೆ ತೂಕ ಇನ್ನೂ ಇಳಿದು ಅಪರಾಧವೂ ಸೊರಗುತ್ತದೆ ಎಂದು ಗಾಬರಿಯಾದ ಸಮಿತಿ, ಅವನನ್ನು ಜೀಪಿಗೆ ಹತ್ತಿಸಿ ಐದೂಮುಕ್ಕಾಲು ಗಂಟೆಯೊಳಗೆ ಠಾಣೆ ಮುಟ್ಟಿಸಿತು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, ಕದ್ದದ್ದು ಯಾರು ಎಂಬುದಾಗಿರಲಿಲ್ಲ. ಕಟ್ಟಿದ್ದು ಯಾರು ಎಂಬುದಾಗಿತ್ತು. ಅಕ್ರಮ ಬಂಧನಕ್ಕೆ ನ್ಯಾಯ ಸಂಹಿತೆಯಲ್ಲಿ 127ನೇ ಕಲಂ ಇದೆಯೆಂದು ಮೇಷ್ಟ್ರೇ ಉತ್ಸಾಹದಿಂದ ನೆನಪಿಸಿದರು. ಎರಡೂ ಕಡೆಯವರು ಬುದ್ಧಿಮಾತು ಕೇಳಿಸಿಕೊಂಡು ಹೊರಬಂದಾಗ ಊರಿಗೆ ಬಸ್ಸಿಲ್ಲದ ಹೊತ್ತು. ಕಳ್ಳನೂ ಅದೇ ಜೀಪಿನಲ್ಲಿ, ಭಾವನ ಪಕ್ಕದಲ್ಲೇ ಕುಳಿತು ಮರಳಿದ.

ಅಂದಿನಿಂದ ಗಸ್ತು ಮಂಕಾಯಿತು. ಹೇಗೂ ಚುನಾವಣೆ ಬಂದರೆ ಸಾಮಾನ್ಯವಾಗಿ ಕೋವಿಯನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುತ್ತದೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿ ಸಂಹಿತೆ ಜಾರಿಯಾದರೆ ಮತ ಎಣಿಕೆ ನಡೆದದ್ದು ಜೂನ್ 4ರಂದು, ಆ ಎಂಬತ್ತು ದಿನ ಹಂದಿಗಳು ಯಾವ ಸಂಹಿತೆಗೂ ಒಳಪಟ್ಟಿರಲಿಲ್ಲ. ಮೊನ್ನೆ ಮತ್ತೆ ಚುನಾವಣೆಯ ಗುಲ್ಲು ಎದ್ದೊಡನೆ, ಆದೇಶ ಬರುವ ಮೊದಲೇ, ಭಾವ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಠಾಣೆಗೆ ಹೋದರು. ಬೆಳಗಿನ ಚಳಿ, ಮೈಮೇಲೆ ಅದೇ ಜರ್ಕಿನ್. ಠಾಣೆಯಲ್ಲಿದ್ದವರು ಒಬ್ಬರೇ ಪೇದೆ; ಉಳಿದವರೆಲ್ಲ ಬಂದೋಬಸ್ತಿಗೆ ಹೋಗಿದ್ದರು. ಅವರು ರಸೀದಿ ಹರಿದು ಕೊಟ್ಟು, ಭಾವನನ್ನು ಮೇಲಿಂದ ಕೆಳಗೆ ನೋಡಿ, "ಹೇಗೂ ಖಾಕಿ ಹಾಕ್ಕೊಂಡೇ ಬಂದಿದ್ದೀರಲ್ಲ ಹೆಗಡೇರೇ, ಒಂದು ಹತ್ತು ನಿಮಿಷ ಇಲ್ಲಿ ಕೂತಿರಿ, ಚಾ ಕುಡಿದು ಬರ್ತೇನೆ" ಎಂದು ಹೊರಟುಹೋದರು.