ಪುಟಿದು ಬೀಳುವ ಮರಳಿನ ಲೆಕ್ಕ

ಸರಳು, ಜಾಳಿಗೆ ಕಟ್ಟಿ ಅದರ ಮೇಲೆ ಕಾಂಕ್ರೀಟ್ ಸಿಂಪಡಿಸಿ ಗುಮ್ಮಟದಾಕಾರದ ಮನೆ ಕಟ್ಟಿದ ಬಗ್ಗೆ ನಿಮ್ಮ ಲೇಖನ ಓದಿದೆ. ಪ್ರಯೋಗ ಚೆನ್ನಾಗಿದೆ. ಆದರೆ ‘ಸೆಂಟ್ರಿಂಗ್ (ಕಾಂಕ್ರೀಟಿಗೆ ಆಧಾರವಾಗಿ ಕಟ್ಟುವ ಹಲಗೆ, ಕಂಬ) ಬೇಡ, ಆದ್ದರಿಂದ ಅಗ್ಗ’ ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ವಿಜಯಪುರದ ಕಡೆ ಕಾಲುವೆ ಕೆಲಸದಲ್ಲಿ ಎರಡು ಬೇಸಿಗೆ ಕಾಂಕ್ರೀಟ್ ಸಿಂಪಡಿಸುವ ಇದೇ ನಳಿಗೆ ಹಿಡಿದವನು ನಾನು.

ಒಣ ಪದ್ಧತಿಯಲ್ಲಿ ಸಿಮೆಂಟು, ಮರಳು ಒಣದಾಗಿಯೇ ಪೈಪಿನಲ್ಲಿ ಬರುತ್ತವೆ. ನೀರು ಸೇರುವುದು ನಳಿಗೆಯ ಬಾಯಲ್ಲಿ. ಅಂದರೆ ವಾಲ್ವ್ ತಿರುಗಿಸುವವನ ಕೈಯೇ ಅಳತೆ. ನೀರು ಕಡಿಮೆಯಾದರೆ ಬರೀ ಧೂಳು, ಹೆಚ್ಚಾದರೆ ಹೊಡೆದದ್ದು ಜಾರಿ ಇಳಿಯುತ್ತದೆ. ನಳಿಗೆ ಓರೆಯಾದರೆ ಮರಳು ಪುಟಿದು ಅರಳು ಹುರಿದಂತೆ ಮೊಣಕಾಲಿಗೆ ಸಿಡಿಯುತ್ತದೆ. ತಲೆಯ ಮೇಲೆ ಹೊಡೆಯುವಾಗ ಪುಟಿಯುವುದು ಇನ್ನೂ ಜಾಸ್ತಿ, ಗುಮ್ಮಟದ ಒಳಗೆ ಅದೇ ತಾನೇ ಕೆಲಸ! ಬಿದ್ದದ್ದನ್ನು ಬಾಚಿ ಮತ್ತೆ ಬಳಸಬಾರದು, ಅಂದರೆ ಅಷ್ಟೂ ನಷ್ಟ; ಅಗ್ಗ ಎಲ್ಲಿಂದ ಬಂತು? ನಮ್ಮ ಗುತ್ತಿಗೆದಾರರು ಬಳಸಿಸಿದರು. ಮೇಲೆ ನುಣುಪಾಗಿಯೇ ಕಂಡ ಆ ತೇಪೆ ಸುತ್ತಿಗೆಯಿಂದ ತಟ್ಟಿದರೆ ಡಬ್ ಡಬ್ ಎನ್ನುತ್ತಿತ್ತು, ಒಳಗೆ ಪೊಳ್ಳು.

(ಸಿಂಪಡಿಸುವ ಈ ಯಂತ್ರಕ್ಕೆ 1911ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಏಕ್ಲಿ ಎಂಜಿನಿಯರ್ ಅಲ್ಲ, ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ಕೊಡುತ್ತಿದ್ದ ಕುಶಲಕರ್ಮಿ!)

ನಮ್ಮೂರ ಗೋಳಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ, ನಿಮ್ಮದು ಗೇಣಿಗಿಂತ ಕಡಿಮೆ. ಏಪ್ರಿಲ್ ಬಿಸಿಲಿಗೆ ಅದು ರೊಟ್ಟಿ ಹಂಚಾಗುತ್ತದೆ. ತಂಪೆಂದರೇನೆಂದು ಮೇಲ್ಮುದ್ದೆಯ (ದಪ್ಪ ಮಣ್ಣಿನ ಮಾಳಿಗೆಯ) ಮನೆಯಲ್ಲಿ ಮಧ್ಯಾಹ್ನ ನಿದ್ದೆ ಮಾಡಿದವರನ್ನು ಒಮ್ಮೆ ಕೇಳಿ ನೋಡಿ. ಹೊರಗೆ ಶಾಖ ತಡೆಯುವ ಪದರ ಹಾಕಿದ್ದೀರಾ? ಕಾಂಕ್ರೀಟ್ ಗಟ್ಟಿಯಾಗಲು ಒದ್ದೆ ಗೋಣಿಚೀಲ ಹೊದಿಸಿ ಎಷ್ಟು ದಿನ ನೀರುಣಿಸಿದಿರಿ? ಲೇಖನದಲ್ಲಿ ಇವೆರಡೂ ಇಲ್ಲ.